ಮಾವ ಮೆಚ್ಚಿದ ಹಾಡು

ಕೇಳಿಸಿಕೊಳ್ಳದೆ ತಲೆಯಾಡಿಸಿದ್ದೇ ತಪ್ಪಾಯಿತು. ಮೀಟರ್ ಓದುವವನಿಗೆ ಅದು ಎಂಟು ವರ್ಷದ ಚಾಳಿ. ಮನೆಮನೆ ತಿರುಗಿ ನೀರಿನ ಮೀಟರ್ ಓದುವ ಕೆಲಸ ಅವನದು. ಬೈಗುಳ ಎಲ್ಲ ಮನೆಯಲ್ಲೂ ಸಿಗುತ್ತಿತ್ತು, ಆದರೆ ವಾಸವಿದ್ದ ಮಾವನ ಮನೆಯಲ್ಲಿ ಸಿಕ್ಕಷ್ಟು ಎಲ್ಲೂ ಇಲ್ಲ. ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಹಾರ್ಮೋನಿಯಂ ನುಡಿಸಿದ ಮಾವ ಅಳಿಯನ ಕೆಮ್ಮಿನಲ್ಲೂ ಅಪಸ್ವರ ಹುಡುಕುತ್ತಿದ್ದರು. ಅವರು ಬಾಯಿ ತೆರೆದರೆ ಇವನು ಕಿವಿ ಮುಚ್ಚಿಕೊಂಡು ತಲೆಯಾಡಿಸಿಬಿಡುತ್ತಿದ್ದ.

ಹೋದ ವಾರ ಮಾವ ಹಾಸಿಗೆಯಿಂದಲೇ ಹೇಳಿದ್ದರು. ನನ್ನನ್ನು ಕಳಿಸುವಾಗ, ನಾಟಕದಲ್ಲಿ ರಾಜ ಅರಮನೆ ಬಿಟ್ಟು ಹೊರಡುವ ಆ ಹಾಡು ಹಾಕಿಸು. ಕಂಡಕಂಡವರೆಲ್ಲ ಅದನ್ನು ಹಾಡಿದ್ದಾರೆ, ನನಗೆ ಬೇಕಾದದ್ದು ಒಂದೇ, ಅದು... ಅಷ್ಟರಲ್ಲಿ ಇವನ ತಲೆ ಆಡಿಯಾಗಿತ್ತು.

ಇವತ್ತು ಬೆಳಗ್ಗೆ ಮಾವ ಹೋದರು.

“ಯಾರು ಹಾಡಿದ್ದು ಅಂದ್ರು?” ಹೆಂಡತಿ ಕೇಳಿದಳು. ಅತ್ತು ಅತ್ತು ಅವಳ ಮುಖ ಊದಿತ್ತು.

“ಅದೇ... ಒಳ್ಳೇದು ಅಂದ್ರು.”

“ಜನ್ಮದಲ್ಲಿ ಅಪ್ಪ ನಿಮ್ಮನ್ನ ನಂಬಿ ಒಂದು ಕೆಲಸ ಹೇಳಿದ್ರು. ಅದೂ ಆಗಲಿಲ್ವಾ?”

ಅವನು ಮಾವನ ಕ್ಯಾಸೆಟ್ ಪೆಟ್ಟಿಗೆಯನ್ನು ಎಳೆದು ತೆರೆದ. ಒಮ್ಮೆಯಾದರೂ ಮಾವನೆದುರು ತಪ್ಪಿಲ್ಲದ ಕೆಲಸ ಮಾಡಬೇಕೆಂದಿದ್ದ. ಉಳಿದ ಅವಕಾಶ ಇದೊಂದೇ, ಅದೂ ಸ್ಮಶಾನದ ಗಾಡಿ ಹೊರಡುವವರೆಗೆ.

ಪೆಟ್ಟಿಗೆಯಲ್ಲಿ ಅದೇ ಹಾಡಿನ ಹನ್ನೊಂದು ಕ್ಯಾಸೆಟ್ ಇದ್ದವು. ಹೆಣದ ಮುಂದೆ ಕೂತಿದ್ದ ನೆರೆಯವರಿಗೆ ಕೆಲಸ ಸಿಕ್ಕಿತು. ಸತ್ತವರ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಈ ಜನಕ್ಕೆ ಎಲ್ಲಿ ಬರುತ್ತದೆ.

“ಮೊದಲು ನಾಟಕದಲ್ಲಿ ಹಾಡಿದವನದ್ದೇ ಹಾಡು. ಮಿಕ್ಕಿದ್ದೆಲ್ಲ ಎಂಜಲು,” ಎಂದ ಪಕ್ಕದ ಮನೆಯ ದರ್ಜಿ.

“ಅದು ಹಾಡಾ? ಬಾಗಿಲಿಗೆ ಬೆರಳು ಸಿಕ್ಕಿದ ಹಾಗೆ ಕೂಗ್ತಾನೆ,” ಎಂದರು ಎದುರುಮನೆಯ ನಿವೃತ್ತ ಪೋಸ್ಟ್‌ಮ್ಯಾನ್. “ಆಮೇಲೆ ಒಬ್ಬ ಹೆಂಗಸು ಹಾಡಿದಳಲ್ಲ, ಅದನ್ನ ಹಾಕಪ್ಪ. ಕಲ್ಲೂ ಅಳುತ್ತೆ.”

“ಹೆಂಗಸು ರಾಜನ ಹಾಡು ಹಾಡಿದ್ರೆ ಮೀಸೆ ಯಾರು ತಿರುವ್ತಾರೆ?”

ಒಂದೊಂದು ಹಾಕಿದಾಗಲೂ ಒಂದೊಂದು ಜಗಳ. ಆರನೆಯದನ್ನು ಟೇಪ್ ರೆಕಾರ್ಡರ್ ನುಂಗಿತು. ಕರುಳಿನಂತೆ ಹೊರಬಂದ ಟೇಪನ್ನು ಮೀಟರ್ ಓದುವವನು ಪೆನ್ಸಿಲ್ ಹಾಕಿ ಸುತ್ತುತ್ತ ಕೂತ. ದರ್ಜಿ ಪೋಸ್ಟ್‌ಮ್ಯಾನ್‌ನ ಕೊರಳಪಟ್ಟಿ ಹಿಡಿದ. ಸಂಗೀತದ ಮಾತಿಗೆ ಬಾಯಿ ಹಾಕದೆ ಮಲಗಿದ್ದವರು ಮಾವನೊಬ್ಬರೇ, ಬದುಕಿನಲ್ಲಿ ಇದೇ ಮೊದಲ ಸಲ ಎನ್ನೋಣವೆಂದರೆ ಬದುಕೇ ಮುಗಿದಿತ್ತು.

ಹೊರಗೆ ಗಾಡಿಯ ಡ್ರೈವರ್ ಹಾರನ್ ಒತ್ತಿದ. “ಸಾರ್, ಇನ್ನೊಂದು ಮನೆಗೆ ಹೋಗಬೇಕು. ಅವರೂ ಕಾಯ್ತಿದ್ದಾರೆ.”

ಆಗ ಮೂಲೆಯಲ್ಲಿದ್ದ ಅತ್ತೆ ಎದ್ದು, ಮಾವನ ದಿಂಬಿನಡಿಯಿಂದ ಒಂದು ಕ್ಯಾಸೆಟ್ ತೆಗೆದುಕೊಟ್ಟರು. “ದಿನಾ ಇದನ್ನ ಇಯರ್‌ಫೋನ್ ಸಿಕ್ಕಿಸ್ಕೊಂಡು ಒಬ್ಬರೇ ಕೇಳೋರು. ಕೇಳಿ ಕಣ್ಣೊರೆಸ್ಕೊಳ್ಳೋರು.”

“ಮೊದಲೇ ಹೇಳಬಾರದಾ ಅತ್ತೆ?”

“ನನ್ನ ಯಾರು ಕೇಳಿದ್ರಿ?”

ಹಾಕಿದ. ಅತ್ತ ನಾಲ್ವರು ಚಟ್ಟಕ್ಕೆ ಹೆಗಲು ಕೊಟ್ಟು ಎತ್ತಿದರು. ಮೊದಲು ಕೇಳಿಸಿದ್ದು ನಲ್ಲಿಯ ಸದ್ದು. ಬಕೆಟ್ಟಿಗೆ ಚೊಂಬು ಬಡಿದ ಸದ್ದು. ಆಮೇಲೆ ರಾಜ ಅರಮನೆ ಬಿಟ್ಟು ಹೊರಟ. ಶ್ರುತಿ ಒಂದು ಬೀದಿಯಲ್ಲಿ, ತಾಳ ಇನ್ನೊಂದು ಬೀದಿಯಲ್ಲಿ, ಮರೆತ ಸಾಲಿಗೆಲ್ಲ ‘ತನನನ’. ನಡುವೆ ಕಣ್ಣಿಗೆ ಸೋಪು ಹೋಗಿ ರಾಜ ‘ಅಯ್ಯಮ್ಮ’ ಎಂದ.

ಮೀಟರ್ ಓದುವವನ ಕೈಯಿಂದ ಪೆನ್ಸಿಲ್ ಬಿತ್ತು. ಬಚ್ಚಲಲ್ಲಿ ಹಾಡುತ್ತಿದ್ದ ರಾಜ ಅವನೇ.

ಹಾಡಿನ ನಡುವೆಯೇ, ಬಚ್ಚಲ ಬಾಗಿಲಿನ ಈಚೆಯಿಂದ, ಮಾವ ನಗು ತಡೆದುಕೊಂಡು ಪಿಸುಗುಟ್ಟಿದ್ದು ಕೇಳಿಸಿತು: “ಹದಿನಾಲ್ಕನೇ ತಪ್ಪು. ಹಾಡು ಮಗನೇ, ನಿಲ್ಲಿಸಬೇಡ.”

ಮೊದಲು ನಕ್ಕದ್ದು ಹೆಂಡತಿ. ಆಮೇಲೆ ದರ್ಜಿ, ಪೋಸ್ಟ್‌ಮ್ಯಾನ್‌ನ ಹೆಗಲ ಮೇಲೆಯೇ ಬಿದ್ದು. ಅತ್ತೆ ಹೊಟ್ಟೆ ಹಿಡಿದುಕೊಂಡರು. ಹೊತ್ತವರ ಭುಜಗಳು ನಗುವಿಗೆ ಕುಲುಕಿ, ಮೇಲಿದ್ದ ಮಾವನೂ ಅಲುಗಿದರು.

ಅಳುತ್ತಿದ್ದವನು ಮೀಟರ್ ಓದುವವನೊಬ್ಬನೇ. ಮಾವ ಮೆಚ್ಚಿದ್ದರೋ, ಹಂಗಿಸಿದ್ದರೋ? ಅದನ್ನು ಹೇಳಬೇಕಾದವರು ಹೋದ ವಾರವೇ ಹೇಳಿದ್ದರೇನೋ. ಇವನು ತಲೆಯಾಡಿಸಿದ್ದ.

ಡ್ರೈವರ್ ಕಣ್ಣೊರೆಸಿಕೊಳ್ಳುತ್ತ ಹತ್ತಿರ ಬಂದ. “ಸಾರ್, ಆ ಕ್ಯಾಸೆಟ್ ಒಂದು ಗಂಟೆ ಮಟ್ಟಿಗೆ ಕೊಡ್ತೀರಾ? ಮುಂದಿನ ಮನೇಲಿ ತುಂಬಾ ಅಳ್ತಿದ್ದಾರೆ.”

ಅವನು ಕೇಳಿಸಿಕೊಳ್ಳಲಿಲ್ಲ. ಎಂದಿನಂತೆ ತಲೆಯಾಡಿಸಿದ.