ಕಟ್ಟಿ ಮುಗಿಸದ ಕಣಿವೆ

ಹೋಗಲು ಸಾಧ್ಯವಿರುವ ಜಾಗಗಳ ಮೇಲೆ ನನಗೆ ಎಂದೂ ಅಂಥ ಆಸೆ ಹುಟ್ಟಿದ್ದಿಲ್ಲ. ರಜೆ ಬಂತೆಂದರೆ ಊಟಿ, ಕೊಡಗು ಎಂದು ಬ್ಯಾಗು ತುಂಬುವ ಸಹೋದ್ಯೋಗಿಗಳನ್ನು ಕಂಡರೆ ಹೊಟ್ಟೆಕಿಚ್ಚು ಕೂಡ ಬರುವುದಿಲ್ಲ. ಆದರೆ ಮೈಸೂರಿನ ಮಾವನ ಮನೆಗೆ ರೈಲಿನಲ್ಲಿ ಹೋಗುವಾಗ, ಮಂಡ್ಯ ದಾಟಿದ ಮೇಲೆ ಯಲಿಯೂರು ಬರುತ್ತದಲ್ಲ, ಅಲ್ಲಿ ಹಳಿಯ ಪಕ್ಕದಿಂದ ಒಂದು ಕಾಲುದಾರಿ ಹೊರಟು ಕಬ್ಬಿನ ಗದ್ದೆಯೊಳಗೆ ತಿರುಗಿ ಮಾಯವಾಗುತ್ತದೆ. ಆ ತಿರುವಿನಾಚೆ ಏನಿದೆ ಎಂದು ಮದುವೆಯಾದಂದಿನಿಂದ ಯೋಚಿಸುತ್ತಿದ್ದೇನೆ. ಇಳಿದು ನೋಡಬಹುದು, ಮಾವನ ಮನೆಯ ಊಟ ತಣ್ಣಗಾಗುತ್ತದೆ. ಹೆಂಡತಿಗೆ ಹೇಳಿಕೊಂಡರೆ, "ಆಚೆಗೂ ಕಬ್ಬೇ ಇರುತ್ತೆ" ಎಂದು ನನ್ನ ತತ್ವಜ್ಞಾನವನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು.

ಇಂಥವನ ಕೈಗೆ ಆನ್‌ಲೈನ್ ಆಟ ಸಿಗಬಾರದಿತ್ತು. ಮದ್ದೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ, ಮಂಡಿನೋವು ಶುರುವಾಗಿರುವ ಮನುಷ್ಯ ನಾನು. ಫೋನಿನೊಳಗೆ ಮಾತ್ರ ಕೊಡಲಿ ಹಿಡಿದ, ಸೊಂಟದವರೆಗೆ ಗಡ್ಡ ಬಿಟ್ಟ ಕುಳ್ಳ ವೀರ. ಅದೊಂದು ದೊಡ್ಡ ಲೋಕ. ಎಲ್ಲೆಲ್ಲಿಯವರೋ ಒಂದೊಂದು ವೇಷ ತೊಟ್ಟು ಅದರಲ್ಲಿ ಅಲೆಯುತ್ತಾರೆ, ರಾಕ್ಷಸರನ್ನು ಕೊಲ್ಲುತ್ತಾರೆ. ನಾನು ಇದುವರೆಗೆ ಕೊಂದದ್ದು ಒಂದು ಕಾಡುಹಂದಿ, ಅದೂ ಬೇರೆ ಯಾರದೋ ಏಟು ತಿಂದು ಸುಸ್ತಾಗಿದ್ದದ್ದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಲೋಕದ ಉತ್ತರದ ತುದಿಯಲ್ಲಿದ್ದ ಒಂದು ಹೆಬ್ಬಾಗಿಲು. ಸರಳುಗಳ ಸಂದಿಯಿಂದ ಇಣುಕಿದರೆ ಒಂದು ಕಣಿವೆ, ಕೊಳ, ಕೊಳದ ದಡದಲ್ಲಿ ಮನೆ, ಮನೆಯ ಕಿಟಕಿಯಲ್ಲಿ ದೀಪ. ಆಟ ಕಟ್ಟಿದವರು ಆ ಭಾಗವನ್ನು ಅರ್ಧಕ್ಕೇ ಕೈಬಿಟ್ಟಿದ್ದರಂತೆ. ಬಾಗಿಲು ಮುಟ್ಟಿದರೆ 'ಕಮಿಂಗ್ ಸೂನ್' ಎಂದು ಅಕ್ಷರ ಮೂಡುತ್ತದೆ. ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಸ್ಕೂಲು ಬಿಟ್ಟ ಮೇಲೆ ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು ನನ್ನ ಕುಳ್ಳನನ್ನು ಆ ಬಾಗಿಲ ಮುಂದೆ ನಿಲ್ಲಿಸುವುದು ನನ್ನ ಅಭ್ಯಾಸವಾಯಿತು. ಒಂದು ಸಂಜೆ ಅಲ್ಲಿ ಬಿಲ್ಲು ಹಿಡಿದ ಬಳುಕುವ ಹುಡುಗಿಯೊಬ್ಬಳು, ಬೆಳ್ಳಿಗೂದಲಿಗೆ ಹೂ ಮುಡಿದವಳು, ಗೋಡೆಗೆ ಹಾರುತ್ತಿದ್ದಳು, ಜಾರುತ್ತಿದ್ದಳು, ಮತ್ತೆ ಹಾರುತ್ತಿದ್ದಳು. ಆ ಲೋಕದಲ್ಲಿ ಹತ್ತಿರ ಹೋದರೆ ಆಡುವವರ ನಿಜವಾದ ದನಿ ಕೇಳಿಸುತ್ತದೆ. ಹತ್ತಿರ ಹೋದೆ. ಕಿವಿಯಲ್ಲಿ ಅರವತ್ತರ ಗಂಡಸಿನ ಗಡುಸು ದನಿ ಕೇಳಿಸಿತು: "ಥೂ ಇವ್ನ ಮನೆ ಕಾಯೋಗ! ಗೋಡೆ ಕಟ್ಟವ್ನಾ, ಎಣ್ಣೆ ಬಳ್ದವ್ನಾ?"

ನನ್ನ ಕಾಫಿ ನೆತ್ತಿಗೇರಿತು. "ತಮ್ಮದು ಯಾವೂರು?" ಎಂದೆ.

"ಮಳವಳ್ಳಿ ಕಣ್ಲಾ. ನೀನ್ಯಾವನ್ಲಾ, ಗಡ್ಡಪ್ಪ?"

ಹೀಗೆ ಪರಿಚಯವಾದವರು ರಹಮತ್ ಸಾಹೇಬರು. ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಅಂಗಡಿ. ನಾನು ಮೇಷ್ಟ್ರು ಎಂದು ಗೊತ್ತಾದ ತಕ್ಷಣ 'ಲಾ' ಹೋಗಿ 'ಮೇಷ್ಟ್ರೇ' ಬಂತು; ನನಗೆ ಒಂದಿಷ್ಟು ಬೇಸರವೇ ಆಯಿತು. ಅಂದಿನಿಂದ ಸಂಜೆಯಾದರೆ ಇಬ್ಬರೂ ಬಾಗಿಲ ಮುಂದೆ ಹಾಜರು. ಆ ಮನೆಯಲ್ಲಿ ಯಾರಿರಬಹುದು ಎಂಬುದೇ ಮಾತು. ಯಾರೋ ಋಷಿ ತಪಸ್ಸಿಗೆ ಕೂತಿರಬೇಕು ಎಂದು ನನ್ನ ವಾದ. "ಋಸಿನೂ ಇಲ್ಲ, ಏನೂ ಇಲ್ಲ. ಅದು ಅಡುಗೆಮನೆ ದೀಪ ಮೇಷ್ಟ್ರೇ. ಯಾರೋ ಸಾರು ಕುದುಸ್ತಾವ್ರೆ" ಎಂದು ಅವರದು.

ಒಂದು ದಿನ ಸಲುಗೆಯಿಂದ ಕೇಳಿಯೇಬಿಟ್ಟೆ: "ಅಲ್ಲ ಸಾಹೇಬ್ರೇ, ಈ ವಯಸ್ಸಲ್ಲಿ ನಿಮಗೆ ಈ ಹುಡುಗಿ ವೇಷ ಯಾಕೆ?"

ನಗುತ್ತಾರೆ ಎಂದುಕೊಂಡಿದ್ದೆ. ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು, ಆಮೇಲೆ ಅವರ ದನಿ. "ಇದು ನಂದಲ್ಲ ಮೇಷ್ಟ್ರೇ. ನಮ್ಮನೇವ್ರದು."

ಅವರ ಹೆಂಡತಿ ಜೀನತ್ ಕೊನೆಯ ವರ್ಷ ಹಾಸಿಗೆ ಬಿಟ್ಟು ಏಳಲಾಗದೆ ಮಲಗಿದ್ದಾಗ ಮಗಳು ಈ ಆಟ ಹಾಕಿಕೊಟ್ಟಿದ್ದಳಂತೆ. "ಬಚ್ಚಲಿಗೆ ಓಗಕ್ಕೂ ನಾನೇ ಎತ್ಕಬೇಕಾಗಿತ್ತು. ಇದ್ರಲ್ಲಿ ಮಾತ್ರ ಓಡಿದ್ದೇ ಓಡಿದ್ದು. ಬೆಟ್ಟ, ಸಮುದ್ರ, ಯಾವ್ದೂ ಬುಡ್ಲಿಲ್ಲ. ಇದೊಂದ್ ಬಾಗ್ಲು ಉಳ್ಕತು. ತೆಗೀತಾರೆ, ತೆಗೀತಾರೆ ಅಂತ ಕಾದ್ಲು. ತೆಗೀನಿಲ್ಲ."

ಆಟದಲ್ಲಿ ತಲೆಬಾಗಿ ನಮಸ್ಕರಿಸಲು ಒಂದು ಗುಂಡಿಯಿದೆ, ಅದನ್ನಾದರೂ ಒತ್ತೋಣವೆಂದು ಹೋಗಿ ಗಡಿಬಿಡಿಯಲ್ಲಿ ಪಕ್ಕದ್ದನ್ನು ಒತ್ತಿದೆ. ನನ್ನ ಕುಳ್ಳ ಸೊಂಟದ ಮೇಲೆ ಕೈಯಿಟ್ಟು ಕುಣಿಯತೊಡಗಿದ. ನಿಲ್ಲಿಸುವುದು ಹೇಗೆಂದು ತಿಳಿಯದು. ಅವನು ಗಡ್ಡ ಹಾರಿಸುತ್ತ ಕುಣಿದ, ಕುಣಿದ. ಕೊನೆಗೆ ಸಾಹೇಬರು ಹೋ ಎಂದು ನಕ್ಕರು. "ಅವ್ಳೂ ಇಂಗೇ ಕುಣುಸ್ತಿದ್ಲು ಮೇಷ್ಟ್ರೇ" ಎಂದರು.

ಅದಾದ ಸ್ವಲ್ಪ ದಿನಕ್ಕೆ ಆಟದವರಿಂದ ಒಂದು ಸೂಚನೆ ಬಂತು. ಜನ ಗಡಿಯ ಗೋಡೆಗಳನ್ನು ಕಳ್ಳತನದಿಂದ ಹತ್ತುತ್ತಿದ್ದಾರೆ, ಸೋಮವಾರದಿಂದ ಗೋಡೆಗಳನ್ನು ಎತ್ತರಿಸುತ್ತೇವೆ ಎಂದು. "ಆಗಿದ್ರೆ ಅಷ್ಟ್ರೊಳಗೆ ಅವ್ಳನ್ನ ಒಳಕ್ಕೆ ಕಳುಸ್ಬೇಕು" ಎಂದರು ಸಾಹೇಬರು.

ಭಾನುವಾರ ಮಧ್ಯಾಹ್ನ ಅವರು ಅಂಗಡಿಯ ಷಟರನ್ನು ಅರ್ಧ ಎಳೆದು ಕೂತರು, ನಾನು ಸೋಫಾದ ಮೇಲೆ ಕೂತೆ. ಉಪಾಯ ಇಷ್ಟೇ: ಕುಳ್ಳ ಗೋಡೆಗೆ ಒರಗಿ ನಿಲ್ಲಬೇಕು, ಹುಡುಗಿ ಅವನ ತಲೆಯ ಮೇಲಿಂದ ಹಾರಬೇಕು. ಎಷ್ಟು ಸಲ ಬಿದ್ದಳೋ. "ತಲೆ ನೆಟ್ಟಗಿಟ್ಕಳಿ ಮೇಷ್ಟ್ರೇ!" ಎಂದು ಅವರು ಕೂಗಿದಾಗೆಲ್ಲ ನಾನು ಸೋಫಾದ ಮೇಲೆ ನನ್ನ ಸ್ವಂತ ಕತ್ತನ್ನು ಸೆಟೆಸುತ್ತಿದ್ದೆ. ಕಾಫಿ ತಂದ ಹೆಂಡತಿ ನನ್ನ ಭಂಗಿ ನೋಡಿ, ಲೋಟ ಇಟ್ಟು ಹೋದಳು. ಕೊನೆಗೆ ಎಡಕ್ಕೆ ಕೊಂಚ ಸರಿದೆ. ಹುಡುಗಿ ಹಾರಿದಳು, ಗೋಡೆಯ ಅಂಚಿನಲ್ಲಿ ನಿಂತಳು.

"ಗೋಡೆ ಅತ್ತಿಬುಟ್ಳು ಕಣ್ಲಾ! ಅತ್ತಿಬುಟ್ಳು!"

'ಲಾ' ವಾಪಸು ಬಂದಿತ್ತು.

ಸರಳಿನ ಸಂದಿಯಿಂದ ನೋಡುತ್ತಿದ್ದೆ. ಅವಳು ಕೊಳದ ನೀರಿನ ಮೇಲೆಯೇ ನಡೆದು ಹೋದಳು. ಅದನ್ನಿನ್ನೂ ನೀರಾಗಿ ಮಾಡಿರಲಿಲ್ಲ. ಬುಡವಿಲ್ಲದೆ ಗಾಳಿಯಲ್ಲಿ ನಿಂತಿದ್ದ ಮರದ ಎಲೆಗಳ ಕೆಳಗೆ ಹಾಯ್ದು ಮನೆಯ ಹಿಂದೆ ಮರೆಯಾದಳು. "ಏನಿದೆ ಸಾಹೇಬ್ರೇ? ಯಾರಿದಾರೆ?" ಎಂದೆ.

"ಯಾರೂ ಇಲ್ಲ. ಮನೆಗೆ ಇಂದ್ಲ ಗೋಡೆನೇ ಕಟ್ಟಿಲ್ಲ ಮೇಷ್ಟ್ರೇ." ಎಂದವರೇ, "ಚೆನ್ನಾಗದೆ. ಒಳೀಕೆ ಬಿಸ್ಲು ಬತ್ತದೆ. ಕೂರುಸ್ತೀನಿ ಇರಿ" ಎಂದರು.

ಹೊರಗೆ ಬರಲು ದಾರಿಯಿರಲಿಲ್ಲ. 'ಊರಿಗೆ ಮರಳು' ಎಂಬ ಗುಂಡಿಯಿದೆ, ಅದನ್ನು ಒತ್ತಿ ಎಂದೆ.

"ಯಾಕೆ? ಇಷ್ಟ್ ಕಾದು ಬಂದವ್ಳೆ. ಇಲ್ಲೇ ಇರ್ಲಿ ಬುಡಿ" ಎಂದವರು ಆಟ ಮುಚ್ಚಿದರು. ಮತ್ತೆ ಬರಲೇ ಇಲ್ಲ.

ಮುಂದಿನ ಭಾನುವಾರ ಬಸ್ಸು ಹತ್ತಿ ಮಳವಳ್ಳಿಗೆ ಹೋದೆ. ಸಾಹೇಬರು ತೆಳ್ಳಗಿನ, ಕನ್ನಡಕದ ಮನುಷ್ಯ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಗಡ್ಡ ಎಲ್ಲಿ?" ಎಂದರು. ಟೀ ತರಿಸಿದರು. ಒಂದು ಸಲ ಆಟ ತೆಗೆದು ನೋಡಬೇಕೆನಿಸುವುದಿಲ್ಲವೇ ಎಂದು ಕೇಳಿದೆ. ಅವರು ಒಂದು ಜೊತೆ ಹೆಂಗಸರ ಚಪ್ಪಲಿಯ ಧೂಳು ಒರೆಸುತ್ತ, "ತೆಗುದ್ರೆ, ಆಟದೋರು ಅವ್ಳನ್ನ ಎತ್ತಿ ತಂದು ಊರ್ನಾಗೆ ನಿಲ್ಸಿರ್ತಾರೋ ಏನೋ. ತೆಗೀದಿದ್ರೆ ಅಲ್ಲೇ ಅವ್ಳೆ" ಎಂದರು. ನಾನು ಟೀ ಕುಡಿದೆ. ಅದು ಆರಿಹೋಗಿತ್ತು.

ನಾನಂತೂ ಈಗಲೂ ಸಂಜೆ ಆ ಬಾಗಿಲ ಮುಂದೆ ನಿಲ್ಲುತ್ತೇನೆ. ಗೋಡೆ ಎತ್ತರವಾಗಿದೆ, ದೀಪ ಉರಿಯುತ್ತಿದೆ. ಇಷ್ಟೆಲ್ಲ ಆಗಿಯೂ ಮನೆಯ ಹಿಂದಿನ ಆ ಬಿಸಿಲನ್ನು ನಾನು ಕಾಣಲಿಲ್ಲವಲ್ಲ ಎಂಬ ಕೊರಗು ಬಿಡದು. ಮೊನ್ನೆ ಧೈರ್ಯ ಮಾಡಿ, ಹುರುಳಿಕಾಯಿ ಹೆಚ್ಚುತ್ತಿದ್ದ ಹೆಂಡತಿಯ ಹತ್ತಿರ ಹೋಗಿ ಕೂತೆ. "ನಿನ್ನ ಫೋನಿಗೂ ಈ ಆಟ ಹಾಕಿಕೊಡ್ತೀನಿ. ನೀನೇನೂ ಮಾಡಬೇಕಾಗಿಲ್ಲ. ಗೋಡೆ ಪಕ್ಕ ಸುಮ್ಮನೆ ನಿಂತರೆ ಸಾಕು, ನಾನು ನಿನ್ನ ತಲೆ ಮೇಲೆ ಹತ್ತಿ..." ಎಂದು ಆದಷ್ಟು ಮೆತ್ತಗೆ ವಿವರಿಸಿದೆ.

ಅವಳು ಚಾಕು ನಿಲ್ಲಿಸಲಿಲ್ಲ.

"ಹತ್ತೋದಕ್ಕೆ, ನನ್ನ ತಲೆ ಮೇಲಿಂದ ನೀವು ಇಳಿದದ್ದು ಯಾವಾಗ?" ಎಂದಳು.