ಹಂಗೇರಿಯ ಪತ್ರಕ್ಕೆ ಪ್ರಾಂಶುಪಾಲರ ಸಹಿ

ಕೆಲವರಿಗೆ ಬೀಗ ಹಾಕಿದ ಮೇಲೂ ಒಮ್ಮೆ ಎಳೆದು ನೋಡುವ ಚಟ. ನನ್ನದು ಅದಕ್ಕಿಂತ ಮುಂದೆ ಹೋದದ್ದು. ಯಾವ ಕಾಗದ ಕೈಗೆ ಬಂದರೂ ನಂಬರು ಬರೆದು, ತಾರೀಖು ಹಾಕಿ, ಮೇಲಿನವರ ಸಹಿ ಬೀಳುವವರೆಗೆ ನನಗೆ ಊಟ ಸೇರುವುದಿಲ್ಲ. ಮದುವೆಯ ಕರೆಯೋಲೆಯ ಮೂಲೆಯಲ್ಲೂ ನಂಬರು ಬರೆದದ್ದನ್ನು ಕಂಡು ನನ್ನ ಹೆಂಡತಿ, "ನಿಮ್ ತಲೇಲಿ ಏನೈತ್ರೀ? ನನ್ನೂ ಯಾವ್ದಾದ್ರೂ ರಿಜಿಸ್ಟ್ರಿಗೆ ಹತ್ತಿಸ್ಬುಟ್ಟಿದೀರಾ?" ಎಂದು ಕೇಳಿದ್ದಳು. ಕಾಲೇಜಿನ ಗ್ರಂಥಪಾಲಕನಾದ ನನಗೆ ಅದು ಬಯ್ಗುಳವೆನಿಸಲಿಲ್ಲ.

ಸಕಲೇಶಪುರದ ನಮ್ಮ ಗ್ರಂಥಾಲಯಕ್ಕೆ ಇಂಟರ್ನೆಟ್ಟು ಬಂದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಬಂತು ಎಂದರೆ, ಪ್ರಾಂಶುಪಾಲರ ಕೋಣೆಯ ಫೋನಿನಿಂದ ಒಂದು ತಂತಿಯನ್ನು ಗೋಡೆ ಕೊರೆದು ನನ್ನ ಮೇಜಿನ ತನಕ ಎಳೆದರು. ಅವರು ಫೋನೆತ್ತಿದರೆ ನನ್ನ ಇಂಟರ್ನೆಟ್ಟು ಸಾಯುತ್ತಿತ್ತು. ಅವರಿಗೆ ಕಾಫಿ ತೋಟವಿತ್ತು. ತೋಟದ ಲೆಕ್ಕ ಬರೆಯುವ ರೈಟರು ಕಪ್ಪು ಇರುವೆ ಕಂಡರೂ ಫೋನು ಮಾಡುತ್ತಿದ್ದ. ಪ್ರಾಂಶುಪಾಲರು ಪಾಠಕ್ಕೆ ಹೋದ ಮುಕ್ಕಾಲು ಗಂಟೆ ಮಾತ್ರ ಜಗತ್ತು ನನ್ನದು.

ಎಡಕುಮೇರಿಯ ಕಾಡಿನಲ್ಲಿ ಪಾಚಿ ಹುಡುಕುತ್ತಿದ್ದ ನಮ್ಮ ಸಸ್ಯಶಾಸ್ತ್ರದ ಮೇಡಂಗೆ ಹಂಗೇರಿಯ ವಿದ್ವಾಂಸರೊಬ್ಬರ ಹಳೆಯ ಲೇಖನ ಬೇಕಾಯಿತು. ಅಲ್ಲಿನ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮೇಲ್ ಬರೆದೆ. ಇಲೋನಾ ಎಂಬ ಗ್ರಂಥಪಾಲಕಿ ಮರುದಿನವೇ ಪುಟಗಳನ್ನು ಕಳಿಸಿದರು. ಅವರ ದೇಶದಲ್ಲಿ ಕಾಲೇಜು, ಗ್ರಂಥಾಲಯ, ಸಂಶೋಧನಾಲಯಗಳು ಆಗಲೇ ಒಂದೇ ಜಾಲಕ್ಕೆ ಸೇರಿದ್ದವಂತೆ. ಯಾವ ಊರಿನ ಗ್ರಂಥಾಲಯದಲ್ಲಿ ಯಾವ ಪುಸ್ತಕವಿದೆಯೆಂದು ಕೂತಲ್ಲೇ ನೋಡಬಹುದಂತೆ. ಅವರ ಪುಸ್ತಕಪಟ್ಟಿ ತೆರೆದು, ಒಂದು ಪದ ಅರ್ಥವಾಗದಿದ್ದರೂ, ಸಾಲು ಸಾಲಾಗಿ ಓದುತ್ತಾ ಕೂರುತ್ತಿದ್ದೆ. ಒಂದು ದಿನವಾದರೂ ಆ ಕಪಾಟುಗಳ ನಡುವೆ ಓಡಾಡಬೇಕೆಂಬ ಆಸೆ. ಅದೇ ಗುಂಗಿನಲ್ಲಿ ಆಲೂರಿನ ಮನೆಗೆ ಹೋಗುವ ಬಸ್ಸು ಎಷ್ಟೋ ಸಲ ತಪ್ಪಿದೆ.

ಇಲೋನಾ ಆಮೇಲೂ ಬರೆಯುತ್ತಿದ್ದರು. ಕಾಫಿ ಗಿಡ ಹೂ ಬಿಡುತ್ತದೆಯೇ, ಅದಕ್ಕೆ ವಾಸನೆ ಇದೆಯೇ ಎಂದು ಕೇಳಿದ್ದರು. ನಾನು ಅವರ ಮೇಲನ್ನು ಮುದ್ರಿಸಿ, ಬಂದ ಪತ್ರಗಳ ಆವಕ ಪುಸ್ತಕದಲ್ಲಿ ನಂಬರು ಹಾಕಿ, ಫೈಲಿಗೆ ಕಟ್ಟಿ, ಹೂವಿನ ವಾಸನೆಯ ಬಗ್ಗೆ ಕರಡು ಬರೆದು ಪ್ರಾಂಶುಪಾಲರ ಮೇಜಿಗೆ ಕಳಿಸಿದೆ. ಸಹಿಯಾಗಿ ಬಂದಾಗ ಒಂಬತ್ತು ದಿನ ಕಳೆದಿತ್ತು. ನಿಮಗೆ ಹುಷಾರಿರಲಿಲ್ಲವೇ ಎಂದು ಇಲೋನಾ ವಿಚಾರಿಸಿದರು. ಆ ವಿಚಾರಣೆಗೂ ನಂಬರು ಹಾಕಿದೆ.

ಒಮ್ಮೆ ಅವರು ಬರೆದರು: "ಈ ತಿಂಗಳ ಕೊನೆಗೆ ಇಲ್ಲಿನ ಕೆಲಸ ಬಿಡುತ್ತಿದ್ದೇನೆ. ಈ ಮೇಲ್ ವಿಳಾಸ ಆಮೇಲೆ ಇರುವುದಿಲ್ಲ. ನಿಮ್ಮ ಮನೆಯ ವಿಳಾಸ ಕಳಿಸಿ, ಕೈಯಲ್ಲೇ ಪತ್ರ ಬರೆಯುತ್ತೇನೆ." ತಿಂಗಳು ಮುಗಿಯಲು ಎಂಟು ದಿನವಿತ್ತು. ಪ್ರಾಂಶುಪಾಲರು ಪರೀಕ್ಷೆಯ ಕೆಲಸಕ್ಕೆ ಹಾಸನಕ್ಕೆ ಹೋಗಿದ್ದರು. ಫೋನು ಇಡೀ ದಿನ ಖಾಲಿ, ಇಂಟರ್ನೆಟ್ಟು ಎಂದೂ ಇಲ್ಲದಷ್ಟು ಚುರುಕು, ನನ್ನ ಕರಡು ಮಾತ್ರ ಅವರ ಮೇಜಿನ ಮೇಲೆ.

"ಮನೆ ನಮ್ದು, ಅಡ್ರೆಸ್ ನಮ್ದು. ಕಳಿಸ್ಬುಡ್ರೀ ಅತ್ಲಾಗೆ," ಎಂದಳು ಹೆಂಡತಿ.

"ಕಚೇರಿ ಪದ್ಧತಿ ಅಂತ ಒಂದೈತೆ ಕಣೇ," ಎಂದೆ.

ಪ್ರಾಂಶುಪಾಲರು ಬಂದದ್ದು ಹೊಸ ತಿಂಗಳ ಎರಡನೆಯ ದಿನ. ಕರಡನ್ನು ಮೊದಲ ಸಲ ಪೂರ್ತಿ ಓದಿದರು. "ಏನ್ರೀ ಮಾರಾಯ್ರೆ, ನಿಮ್ಮನೆ ಅಡ್ರೆಸ್ ಕೊಡೋಕೆ ನನ್ ಸೈನ್ ಯಾಕ್ರೀ? ಹೂವಿನ ವಾಸ್ನೆಗೂ ಸೈನ್ ತಗೊಂಡ್ರಿ. ನೀವು ಮುಂದೆ ಹಿಡೀತಿದ್ರಿ, ನಾನು ಹಾಕ್ತಿದ್ದೆ ಅಷ್ಟೇ ಕಣ್ರೀ!"

ಓಡಿಹೋಗಿ ಕಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಉತ್ತರ ಬಂತು. ತೆರೆದರೆ ಅದು ಇಲೋನಾ ಬರೆದದ್ದಲ್ಲ, ಮೇಲರ್ ಡೀಮನ್ ಎಂಬ ಹೆಸರಿನಿಂದ ಬಂದಿತ್ತು. ಈ ವಿಳಾಸದಲ್ಲಿ ಯಾರೂ ಇಲ್ಲ, ಪತ್ರ ವಾಪಸು. ಅಂದು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ನನ್ನನ್ನು ಯಾರೂ ತಡೆದಿರಲಿಲ್ಲ ಎಂಬುದೇ ಹೆಚ್ಚು ನೋಯಿಸಿತು.

ಆಮೇಲೆ ಹೊಳೆಯಿತು: ಈ ಡೀಮನ್ ಅಲ್ಲಿನ ಟಪಾಲು ನೋಡಿಕೊಳ್ಳುವವರಿರಬೇಕು, ಅವರಿಗೆ ಇಲೋನಾರ ಹೊಸ ವಿಳಾಸ ಗೊತ್ತಿದ್ದೇ ಇರುತ್ತದೆ. "ಮಾನ್ಯ ಡೀಮನ್ ಅವರೇ, ನಿಮ್ಮಲ್ಲಿದ್ದ ಇಲೋನಾ ಅವರು ನನಗೆ ಬಹಳ ಬೇಕಾದವರು. ದಯವಿಟ್ಟು ಈ ಪತ್ರ ಅವರಿಗೆ ಮುಟ್ಟಿಸಿ," ಎಂದು ಬರೆದೆ. ಕರಡಿಲ್ಲ, ನಂಬರಿಲ್ಲ, ಯಾರ ಸಹಿಯೂ ಇಲ್ಲ. ನೌಕರಿಯಲ್ಲಿ ನಾನು ಮನಸ್ಸು ಬಿಚ್ಚಿ, ಯಾರನ್ನೂ ಕೇಳದೆ ಬರೆದ ಮೊದಲ ಪತ್ರ ಅದು. ಅದನ್ನು ಬರೆದದ್ದು ಮುಟ್ಟದ ಮೇಲನ್ನು ತಾನಾಗಿ ವಾಪಸು ಕಳಿಸುವ ಒಂದು ಯಂತ್ರಕ್ಕೆ ಎಂದು ತಿಳಿಯುವ ಹೊತ್ತಿಗೆ, ಇನ್ನೂ ಮೂರು ಬರೆದಿದ್ದೆ.