ಡಬ್ಬಿಯಾದ ಮಂಗಳವ್ವ

ಕಲ್ಲೇಶನಿಗೆ ಲೋಕದ ಮೇಲಿದ್ದ ದೂರು ಒಂದೇ. ಕೇಳಿದಾಗ ಜನ ಬಾಯಿ ಬಿಡುವುದಿಲ್ಲ. ಕೆಟ್ಟ ಮೇಲೆ ಬಾಯಿ ಮುಚ್ಚುವುದಿಲ್ಲ.

ರಾಣೆಬೆನ್ನೂರಿನ ಮನೆಯ ಪಡಸಾಲೆಯಲ್ಲಿ ಕುಳಿತು ಅವನು ‘ತೊಲೆ’ ಎಂಬ ವೆಬ್ ಚೌಕಟ್ಟನ್ನು ನೋಡಿಕೊಳ್ಳುತ್ತಿದ್ದ. ಮನೆ ಕಟ್ಟುವವರಿಗೆ ಕಂಬ, ಬಾಗಿಲು, ಕಿಟಕಿಗಳನ್ನು ಯಾರೋ ಮೊದಲೇ ಮಾಡಿಟ್ಟರೆ ಹೇಗೋ, ವೆಬ್ ಅಪ್ಲಿಕೇಶನ್ ಕಟ್ಟುವವರಿಗೆ ಈ ತೊಲೆ ಹಾಗೆ. ಓಪನ್ ಸೋರ್ಸ್ ಆದುದರಿಂದ ಯಾರು ಬೇಕಾದರೂ ಪುಕ್ಕಟೆ ಒಯ್ಯಬಹುದು, ಯಾರು ಬೇಕಾದರೂ ಪುಕ್ಕಟೆ ಬೈಯಬಹುದು. (ಎರಡನೆಯ ಸೌಲಭ್ಯಕ್ಕೇ ಗಿರಾಕಿಗಳು ಹೆಚ್ಚು. ಅವರಲ್ಲಿ ಹೆಂಡತಿ ರೋಹಿಣಿಯೂ ಒಬ್ಬಳು.)

“ಮಂದಿ ಮನಿಗೆಲ್ಲಾ ತೊಲಿ ಕೂಡಸ್ತೀರಿ. ನಮ್ಮ ಹಿತ್ತಲ ಬಾಗಲಾ ನೋಡಿದ್ರ ಒಂದ ಬಿಜಾಗರಿ ಮ್ಯಾಲ ಜೋತಾಡಾಕತ್ತೇತಿ.”

“ಅದು ಸಣ್ಣ ಕೆಲಸಾ. ಈಗ ತೊಲಿಯಾಗಿನ ಹಳೇ ಕಸಾ ತಗ್ಯಾಕತ್ತೇನಿ.”

ಆ ಕಸದಲ್ಲಿ ಚೀಟಿಯ ಮೇಲೆ ಕನ್ನಡ ಹೆಸರುಗಳನ್ನು ಸರಿಯಾಗಿ ಅಚ್ಚು ಮಾಡುವ ಪುಟ್ಟ ಭಾಗವೊಂದಿತ್ತು. ‘ಇದನ್ನು ಬಳಸುವವರು ತಿಂಗಳೊಳಗೆ ತಿಳಿಸಿ, ಇಲ್ಲವಾದರೆ ತೆಗೆಯಲಾಗುವುದು’ ಎಂದು ಇಂಗ್ಲಿಷಿನಲ್ಲಿ ಘನವಾದ ಪ್ರಕಟಣೆ ಹೊರಡಿಸಿದ್ದ.

“ಅದನ್ನ ಯಾರ ಓದ್ತಾರ್ರಿ?” ಎಂದು ರೋಹಿಣಿ ಕೇಳಿದ್ದಳು.

“ಬೇಕಾದವ್ರು ಓದ್ತಾರ,” ಎಂದಿದ್ದ. ತಿಂಗಳು ಕಳೆಯಿತು, ಯಾರೂ ಉಸಿರೆತ್ತಲಿಲ್ಲ. ಕಲ್ಲೇಶ ಆ ಭಾಗವನ್ನು ಕಿತ್ತೊಗೆದು, ಹೊಸ ಆವೃತ್ತಿಯನ್ನು ಲೋಕಾರ್ಪಣ ಮಾಡಿ, ಹಗುರಾದ ಮನಸ್ಸಿನಿಂದ ಉಂಡ.

ಮರುದಿನ ಬೆಳಿಗ್ಗೆ ಬ್ಯಾಡಗಿಯಿಂದ ಅತ್ತೆಯ ಫೋನು. ಮೇಡ್ಲೇರಿಯ ಹೊಲದಲ್ಲಿ ತಾನೇ ನಿಂತು ಬೆಳೆಸಿದ ಮೆಣಸಿನಕಾಯಿಯನ್ನು ಮಂಗಳವ್ವ ಕೋಲ್ಡ್ ಸ್ಟೋರೇಜಿಗೆ ತಂದಿದ್ದಳು.

“ಅಳಿಯಂದ್ರ, ಇಲ್ಲೆ ಕಂಪ್ಯೂಟರಿಗೆ ಏನೋ ಬಡದೇತ್ರಿ. ಚೀಟಿ ಮ್ಯಾಲ ನನ್ನ ಹೆಸರಿನ ಬದ್ಲಿ ಬರೇ ಖಾಲಿ ಚೌಕ, ಡಬ್ಬಿ ಡಬ್ಬಿ ಬರಾಕತ್ತಾವು. ನನಗೂ ಡಬ್ಬಿ, ಹಿಂದ ನಿಂತ ಸೈದಾಬಿಗೂ ಡಬ್ಬಿ. ಯಾರ ಚೀಲ ಯಾರದಂತ ತಿಳೀದ ಹಮಾಲರು ಒಳಗ ಒಯ್ಯವಲ್ಲರು. ಮ್ಯಾಲ ಮೋಡ ಬ್ಯಾರೆ ಆಗೇತಿ.”

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಪ್ರಾಣ. ಒಣಗಿದ ಕಾಯಿಗೆ ಮಳೆ ತಾಗಿದರೆ ಬಿಳಿ ಮಚ್ಚೆ ಬೀಳುತ್ತದೆ. ಆಮೇಲೆ ಕೊಳ್ಳುವವರು ಚೀಲದ ಬಾಯಿ ಬಿಚ್ಚಿ ನೋಡಿ, ಮಾತಾಡದೆ ಮುಂದೆ ಹೋಗುತ್ತಾರೆ.

“ಯಾವನೋ ಅರ್ಧಂಬರ್ಧ ಕಲ್ತಾಂವ ಮಾಡಿರಬೇಕ್ರಿ ಅತ್ತೆರ,” ಎಂದ ಕಲ್ಲೇಶ.

“ಕೈಲೆ ಬರದು ಅಂಟಸೂಣೇನ್ರಿ?”

“ಬ್ಯಾಡ್ರಿ! ಏನೂ ಮುಟ್ಟಬ್ಯಾಡ್ರಿ, ಎಲ್ಲಾ ಗದ್ಲ ಆಕ್ಕೇತಿ. ನಾನ ಬರ್ತೇನಿ. ಬಂದು ಐದ ಮಿನಿಟಿನಾಗ ಸರಿ ಮಾಡ್ತೇನಿ.”

ರೋಹಿಣಿಯನ್ನು ಹಿಂದೆ ಕೂರಿಸಿಕೊಂಡು, ಲ್ಯಾಪ್‌ಟಾಪನ್ನು ಹೆಗಲಿಗೇರಿಸಿ, ದಂಡಯಾತ್ರೆಗೆ ಹೊರಟವನಂತೆ ಬೈಕಿನಲ್ಲಿ ಬ್ಯಾಡಗಿ ತಲುಪಿದ. ಅಂಗಳದ ತುಂಬ ಚೀಲಗಳು, ಅವುಗಳ ಮೇಲೆ ಕಪ್ಪು ಆಕಾಶ. ಕಂಪ್ಯೂಟರಿನ ಮುಂದೆ ಕೂತಿದ್ದ ಸ್ಟೋರೇಜಿನ ಗುಮಾಸ್ತೆ ಅಲ್ಮಾಸಳನ್ನು ಗದರಿಸಿ ಕೇಳಿದ:

“ಈ ಅಪ್ಲಿಕೇಶನ್ ಮಾಡಿದ ಮಹಾನುಭಾವ ಯಾರವಾ?”

“ನೀವ ಅಲ್ರಿ ಸರ?” ಅಲ್ಮಾಸ ಗಾಬರಿಯಾದಳು. “ಮದಿವ್ಯಾದ ಹೊಸದಾಗ ಬಂದು ಹಾಕಿಕೊಟ್ರಿ. ಹೊಸಾ ತೊಲಿ ಬಂದಂಗ ತಾನ ಬದಲಿ ಆಕ್ಕೇತಿ, ನನಗ ಫೋನ್ ಹಚ್ಚಬ್ಯಾಡ್ರಿ ಅಂದಿದ್ರಿ.”

ಕಲ್ಲೇಶನಿಗೆ ಎಲ್ಲವೂ ನೆನಪಾಯಿತು. ಹೊಸ ಅಳಿಯ, ಎದುರಿಗೆ ಹೋಳಿಗೆ, ತುಪ್ಪ, ಚೀಟಿಯ ಮೇಲೆ ಮೊದಲ ಬಾರಿಗೆ ದುಂಡಗೆ ಮೂಡಿದ ‘ಮಂಗಳವ್ವ’ ಎಂಬ ಹೆಸರು. ಆ ಚೀಟಿಯನ್ನು ಅತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದಳು. ಕನ್ನಡದ ಆ ಭಾಗವನ್ನು ಅವನು ಬರೆದದ್ದೇ ಅವಳಿಗಾಗಿ.

ತೆಗೆದದ್ದನ್ನು ಅವನು ಬೇಗಬೇಗ ಮತ್ತೆ ಸೇರಿಸಿದ. ಆದರೆ ತೊಲೆಯಲ್ಲಿ ಯಾರ ತಿದ್ದುಪಡಿಯೇ ಆಗಲಿ, ಇನ್ನೊಬ್ಬರ ಕಣ್ಣಿಗೆ ಬಿದ್ದು ಒಪ್ಪಿಗೆಯಾಗಬೇಕು. (ನಿಯಮ ಕಲ್ಲೇಶನದೇ.) ಆ ಇನ್ನೊಬ್ಬರ ಕಣ್ಣುಗಳು ಬ್ರೆಜಿಲ್‌ನಲ್ಲಿದ್ದವು, ಅಲ್ಲಿ ರಾತ್ರಿಯಾದ್ದರಿಂದ ಮುಚ್ಚಿದ್ದವು. ಹಿಂದಿನ ಆವೃತ್ತಿಗೆ ಮರಳೋಣವೆಂದರೆ, ಜನ ಹಳತಕ್ಕೇ ಜೋತುಬೀಳದಿರಲೆಂದು ಆ ದಾರಿಯನ್ನೂ ಅವನೇ ಮುಚ್ಚಿದ್ದ.

“ಐದ ಮಿನಿಟ್ ಆಗಿ ಭಾಳ ಹೊತ್ತಾತ್ರಿ,” ಎಂದಳು ರೋಹಿಣಿ.

ಗುಡುಗಿತು. ಮಂಗಳವ್ವ ಮಾರ್ಕರ್ ಪೆನ್ನೊಂದನ್ನು ತಂದು ಅವನ ಕೈಗಿತ್ತಳು.

ಕಲ್ಲೇಶ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಚೀಟಿಗಳ ಮೇಲೆ ಹೆಸರು ಬರೆಯತೊಡಗಿದ. ಅತ್ತೆಯದನ್ನು ಎತ್ತಿಕೊಂಡಾಗ ಅವಳು ಕೈ ತಡೆದಳು. “ನಂದು ಕಡೀಕ ಬರೀರಿ. ಅಳಿಯ ಅದಾನಂತ ಮೊದಲ ಒಳಗ ಹೋದ್ಳು ಅಂತ ಮಂದಿ ಅನ್ನಬಾರದು.”

ಸೈದಾಬಿಯ ಚೀಲಗಳು ಒಳಗೆ ಹೋದವು. ಉಳಿದವರ ಚೀಲಗಳೂ ಹೋದವು. ಮಂಗಳವ್ವನ ಹೆಸರಿನ ‘ಮಂ’ ಬರೆಯುವಷ್ಟರಲ್ಲಿ ಮಳೆ ಬಂತು. ಬಂದದ್ದು ತುಂತುರಲ್ಲ, ಹೊದಿಸಿದ ತಾಡಪಾಲನ್ನೇ ಹಾರಿಸಿಕೊಂಡು ಹೋಗುವಂಥದು. ಚೀಲಗಳ ಬುಡದಿಂದ ಕೆಂಪು ನೀರು ಹರಿದು ಕಲ್ಲೇಶನ ಚಪ್ಪಲಿಯನ್ನು ತೋಯಿಸಿತು.

ಅತ್ತೆ ಬೈಯುವಳೆಂದು ಅವನು ತಲೆ ತಗ್ಗಿಸಿ ಕಾದ.

“ಇರ್ಲಿ ಬಿಡ್ರಿ ಅಳಿಯಂದ್ರ. ತೋಯ್ಸಿಕೊಂಡೀರಿ, ತಲಿ ಒರಸ್ಕೋರಿ,” ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಸಂಜೆ ಬ್ರೆಜಿಲ್‌ನಿಂದ ಒಪ್ಪಿಗೆ ಬಂತು. ಜೊತೆಗೊಂದು ಸಾಲು: ‘ತಿದ್ದುಪಡಿ ಸರಿಯಾಗಿದೆ. ಆದರೆ ಇದನ್ನು ನಿಜವಾಗಿ ಯಾರಾದರೂ ಬಳಸುತ್ತಾರೆಯೇ?’

ಯಾರೂ ಕೊಳ್ಳದ ಮೆಣಸಿನಕಾಯಿಯನ್ನು ಮಂಗಳವ್ವ ಒಣಗಿಸಿ, ಆದಷ್ಟನ್ನು ಆರಿಸಿ, ಖಾರಪುಡಿ ಮಾಡಿಸಿ ಮಗಳ ಮನೆಗೆ ಕಳುಹಿಸಿದಳು. ಒಂದು ಮಧ್ಯಾಹ್ನ ಕಲ್ಲೇಶ ತಟ್ಟೆಯಲ್ಲಿನ ಬಿಳಿಚಿಕೊಂಡ ಸಾರನ್ನು ನೋಡಿದ.

“ರೋಹಿಣಿ, ಸಾರಿಗೆ ಬಣ್ಣಾನ ಇಲ್ಲಲ್ಲ?”

ಅವಳು ಇನ್ನೊಂದು ಸೌಟು ಬಡಿಸಿದಳು.

“ಬಣ್ಣಾ ಬೇಕಾದವ್ರು ತಿಂಗಳದಾಗ ತಿಳಸಬೇಕಾಗಿತ್ರಿ. ಯಾರೂ ಉಸರ ಎತ್ತಲಿಲ್ಲ. ತಗದ ಬಿಟ್ಟೆ.”